ಡೆಪ್ತ್ ಕ್ಯಾಮೆರಾದ ಚಿತ್ರ ಕಪ್ಪಾಗಿ ಬರುತ್ತಿದೆ, ಕ್ಯಾಮೆರಾ ಬದಲಿಸಬೇಕಾ?

ಪ್ರಶ್ನೆ: ಸರ್, ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಸಣ್ಣ ಆಟೊಮೇಷನ್ ವರ್ಕ್‌ಶಾಪಿನಲ್ಲಿ ಸಾಫ್ಟ್‌ವೇರ್ ಕೆಲಸ ನನ್ನದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಚೀಲ ತುಂಬುವ ಲೈನ್ ಮಾಡಿಕೊಡುತ್ತಿದ್ದೇವೆ. ಬೆಲ್ಟಿನಿಂದ 1.1 ಮೀಟರ್ ಮೇಲೆ ರಿಯಲ್‌ಸೆನ್ಸ್ ಡಿ435 ಅನ್ನುವ, ದೂರ ಅಳೆಯುವ ಡೆಪ್ತ್ ಕ್ಯಾಮೆರಾ ಕೂರಿಸಿದ್ದೇವೆ. ಚೀಲ ಎಷ್ಟು ತುಂಬಿದೆ ಅಂತ ಪಕ್ಕದ ವಿಂಡೋಸ್ ಪಿಸಿಯಲ್ಲಿ ಕಾಣಬೇಕು. ಆ್ಯಪ್ ಬರೆದಿರುವುದು ಸಿ ಶಾರ್ಪ್ ಭಾಷೆಯಲ್ಲಿ, ವಿಂಡೋಸ್ ಆ್ಯಪ್‌ನ ಪರದೆ ಕಟ್ಟುವ ಡಬ್ಲ್ಯುಪಿಎಫ್ ಮೇಲೆ. ಮೊದಲು 16 ಬಿಟ್ ಗ್ರೇ ಚಿತ್ರವಾಗಿ ನೇರ ಹಾಕಿದೆ, ಇಡೀ ಚಿತ್ರ ಕಪ್ಪು. ಆಮೇಲೆ ಪ್ರತಿ ಅಂಕಿಯನ್ನೂ ಬೈಟ್ (8 ಬಿಟ್) ಮಾಡಿ ಹಾಕಿದೆ, ರಾಶಿಯ ಸುತ್ತ ಕಪ್ಪು ಬಿಳಿ ಉಂಗುರ ಬಂದವು. ಈಗ ಪ್ರತಿ ಫ್ರೇಮಿನ ಕನಿಷ್ಠ, ಗರಿಷ್ಠ ತೆಗೆದು ಅದನ್ನು 0ರಿಂದ 255ರ ಬೂದಿಗೆ ಹಿಗ್ಗಿಸುತ್ತಿದ್ದೇನೆ, ಹತ್ತಿರದ್ದು ಬಿಳಿ. ಚಿತ್ರ ಕಾಣುತ್ತದೆ, ಆದರೆ ಮಿನುಗುತ್ತದೆ. ಬೂದು ಬಣ್ಣ 180 ದಾಟಿದರೆ ಚೀಲ ತುಂಬಿತು ಅಂತ ಲೆಕ್ಕ ಇಟ್ಟಿದ್ದೇನೆ. ಒಂದೇ ಚೀಲ, ಅಲ್ಲಾಡಿಸಿಲ್ಲ, 180 ತೋರಿಸುತ್ತಿರುತ್ತದೆ. ಸುರಿಯುವವರು ಕೈ ಚಾಚಿದರೆ ಸಾಕು, 110ಕ್ಕೆ ಇಳಿಯುತ್ತದೆ. ಅಲ್ಲಲ್ಲಿ ಕಪ್ಪು ತೂತುಗಳೂ ಇವೆ. ಸ್ವಲ್ಪ ಹೊತ್ತಾದ ಮೇಲೆ ಆ್ಯಪ್ ನಿಂತೇಬಿಡುತ್ತದೆ. ಕಂಪನಿಯವರ ವ್ಯೂವರ್‌ನಲ್ಲಿ ಮಾತ್ರ ಎಲ್ಲ ಚೆಂದ ಬರುತ್ತದೆ. ನಮ್ಮ ಮಾಲಕರು ‘ಕ್ಯಾಮೆರಾನೇ ಸರಿ ಇಲ್ಲ, ಜಾಸ್ತಿ ರೊಕ್ಕದ್ದು ತರೋಣ’ ಅನ್ನುತ್ತಿದ್ದಾರೆ. ಗೆಳೆಯನೊಬ್ಬ ಬಣ್ಣದ ಚಿತ್ರ ಮಾಡು ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಮಾಲಕರಿಗೆ ಮೊದಲು ಹೇಳಿಬಿಡಿ, ರೊಕ್ಕ ಜೇಬಿನಲ್ಲೇ ಇರಲಿ. ಕ್ಯಾಮೆರಾ ಸರಿಯಾಗಿದೆ. ಅದಕ್ಕೆ ಸಾಕ್ಷಿ ನಿಮ್ಮ ಪ್ರಶ್ನೆಯಲ್ಲೇ ಇದೆ. ಅದೇ ಕ್ಯಾಮೆರಾ, ಅದೇ ಕೇಬಲ್, ಅದೇ ಚೀಲ, ವ್ಯೂವರ್‌ನಲ್ಲಿ ಚೆಂದ ಬರುತ್ತದೆ. ಹಾಗಾದರೆ ತೊಂದರೆ ಇರುವುದು ಅಂಕಿ ಬಂದ ಮೇಲೆ, ಅದು ಪರದೆಗೆ ಹೋಗುವ ದಾರಿಯಲ್ಲಿ.

ಕಪ್ಪು ಚಿತ್ರ, ಉಂಗುರ, ಮಿನುಗು, ತೂತು, ನಿಲ್ಲುವ ಆ್ಯಪ್. ಇವಕ್ಕೆಲ್ಲ ಒಂದೊಂದು ಕಾರಣವಿದೆ, ಹೇಳುತ್ತೇನೆ. ಆದರೆ ನನಗೆ ಇವುಗಳಿಗಿಂತ ಜಾಸ್ತಿ ಚಿಂತೆಯಾದದ್ದು ಆ 180. ನೀವು ಅದನ್ನು ನಡುವೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಚಿತ್ರ ಕಪ್ಪಾದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಳತೆ ತಪ್ಪಿದರೆ ಚೀಲ ಲಾರಿ ಹತ್ತಿದ ಮೇಲೆ ಗೊತ್ತಾಗುತ್ತದೆ.

ಕ್ಯಾಮೆರಾದಿಂದ ನಿಜವಾಗಿ ಬರುವುದು ಏನು

ಡೆಪ್ತ್ ಫ್ರೇಮ್ ಫೋಟೋ ಅಲ್ಲ, ಅಂಕಿಗಳ ಕೋಷ್ಟಕ. 848 ಅಡ್ಡ, 480 ಉದ್ದದ ಫ್ರೇಮಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮನೆಗಳಿವೆ. ಪ್ರತಿ ಮನೆಯಲ್ಲಿ 16 ಬಿಟ್‌ನ ಒಂದು ಅಂಕಿ ಇರುತ್ತದೆ. ಡಿ435ರಲ್ಲಿ ಏನೂ ಬದಲಿಸದೆ ಬಿಟ್ಟರೆ ಒಂದು ಅಂಕಿ ಅಂದರೆ ಒಂದು ಮಿಲಿಮೀಟರ್. ಎಲ್ಲ ಕ್ಯಾಮೆರಾಗಳಲ್ಲೂ ಹೀಗೇ ಅಂದುಕೊಳ್ಳಬೇಡಿ. ಅದೇ ಕಂಪನಿಯ ಎಲ್515ರಲ್ಲಿ ಒಂದು ಅಂಕಿ ಕಾಲು ಮಿಲಿಮೀಟರ್. ಅದಕ್ಕೇ ಒಂದು ಅಂಕಿಗೆ ಎಷ್ಟು ದೂರ ಅಂತ ಹೇಳುವ ಡೆಪ್ತ್ ಸ್ಕೇಲ್ ಅನ್ನು ಕೋಡಿನಲ್ಲಿ ಸುಮ್ನೆ ಬರೆದಿಡದೆ ಕ್ಯಾಮೆರಾದಿಂದಲೇ ಕೇಳಿ ತೆಗೆದುಕೊಳ್ಳಿ.

ಈ ಅಂಕಿಗಳಿಗೆ ಬಣ್ಣವಿಲ್ಲ. ಯಾವ ದೂರಕ್ಕೆ ಯಾವ ಬೂದು ಅನ್ನುವುದನ್ನು ತೀರ್ಮಾನ ಮಾಡಬೇಕಾದವರು ನೀವು. ನೀವು ಮಾಡದಿದ್ದರೆ ಲೈಬ್ರರಿ ಮಾಡುತ್ತದೆ, ಅದಕ್ಕೆ ನಿಮ್ಮ ಚೀಲದ ಎತ್ತರ ಗೊತ್ತಿಲ್ಲ.

ಕಪ್ಪು ಚಿತ್ರದ ಕಾರಣ ಇದೇ. 16 ಬಿಟ್ ಗ್ರೇ ಅಂದರೆ 0 ಕಡುಗಪ್ಪು, 65535 ಹಾಲುಬಿಳಿ. ನಿಮ್ಮ ಬೆಲ್ಟ್ 1100ರಲ್ಲಿದೆ, ತುಂಬಿದ ಚೀಲ ಎಂಟುನೂರರ ಆಸುಪಾಸು. 65535ರ ಮುಂದೆ 1100 ಅಂದರೆ ನೂರಕ್ಕೆ ಎರಡೂ ಇಲ್ಲ. ಓಪನ್‌ಸಿವಿ ಅನ್ನುವ ಚಿತ್ರದ ಲೈಬ್ರರಿ ಬಳಸಿದರೂ ಅಷ್ಟೇ. ಚಿತ್ರ ತೋರಿಸುವ ಅದರ ಇಮ್‌ಶೋ 16 ಬಿಟ್ ಚಿತ್ರವನ್ನು 256ರಿಂದ ಭಾಗಿಸಿ ತೋರಿಸುತ್ತದೆ. ನಿಮ್ಮ ಚೀಲ, ಬೆಲ್ಟ್, ಸುರಿಯುವ ಬಾಯಿ ಎಲ್ಲ ಸೇರಿ 2ರಿಂದ 4ರೊಳಗಿನ ಬೂದು ಆಗುತ್ತವೆ. ಚಿತ್ರ ಪೂರ್ತಿ ಇದೆ, ಕಣ್ಣಿಗೆ ಕಾಣುವಷ್ಟು ಬೆಳಕಿಲ್ಲ ಅಷ್ಟೇ.

ಉಂಗುರಗಳ ಕಥೆ ಬೇರೆ. 16 ಬಿಟ್ ಅಂಕಿಯನ್ನು ಬೈಟ್ ಮಾಡಿದಾಗ ಮೇಲಿನ 8 ಬಿಟ್ ಬಿದ್ದುಹೋಗುತ್ತವೆ. ಹಳೇ ಸ್ಕೂಟರಿನ ಮೀಟರ್ 99999 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾದ ಹಾಗೆ, ಇಲ್ಲಿ ಪ್ರತಿ 256 ಮಿಲಿಮೀಟರಿಗೊಮ್ಮೆ ಬೂದು ಸೊನ್ನೆಗೆ ಮರಳುತ್ತದೆ. ರಾಶಿಯ ಮೇಲೆ 767 ಮಿ.ಮೀ. ದೂರದ ಜಾಗ 255, ಹಾಲುಬಿಳಿ. ಅದರ ಪಕ್ಕದಲ್ಲೇ 768 ಮಿ.ಮೀ. ಇರುವ ಜಾಗ 0, ಕಡುಗಪ್ಪು. ನಡುವೆ ಒಂದೇ ಮಿಲಿಮೀಟರ್. ಮುಂದಿನ ಜಿಗಿತ 1024ರಲ್ಲಿ. ರಾಶಿ ಗುಡ್ಡೆಯಾಗಿ ಇರುವುದರಿಂದ ಈ ಜಿಗಿತಗಳು ಸುತ್ತಲೂ ಉಂಗುರವಾಗಿ ಕಾಣುತ್ತವೆ. ಅದು ಅಂಕಿ ಸುಮ್ಮನೆ ಅಲುಗಾಡುವ ಗದ್ದಲವೂ (ನಾಯ್ಸ್) ಅಲ್ಲ, ಲೆನ್ಸಿನ ದೋಷವೂ ಅಲ್ಲ.

ಈ ಬೈಟ್ ಮಾಡುವ ಸಾಲು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಮೈಕ್ರೋಸಾಫ್ಟಿನ ಹಳೆಯ ಡೆಪ್ತ್ ಕ್ಯಾಮೆರಾ, ಮೊದಲ ಕಿನೆಕ್ಟ್ ಜೊತೆ ಬಂದ ಮಾದರಿ ಪ್ರೋಗ್ರಾಮಿನಲ್ಲಿ ಹೀಗೆಯೇ ಮಾಡಿದ್ದರು. ಮೇಲಿನ ಬಿಟ್ ಹೋದರೂ ಚಿತ್ರದಲ್ಲಿ ವಿವರ ಕಾಣಲಿ ಎಂಬುದು ಅವರ ಲೆಕ್ಕ. ಆ ಕಾಲದ ಕೋಡ್ ಇನ್ನೂ ಎಲ್ಲ ಕಡೆ ತಿರುಗಾಡುತ್ತಿದೆ. ಅದನ್ನು ನಕಲು ಮಾಡುವಾಗ ಇನ್ನೊಂದು ಬಲೆಯೂ ಇದೆ. ಆ ಕಿನೆಕ್ಟ್‌ನ 16 ಬಿಟ್‌ನಲ್ಲಿ ಕೆಳಗಿನ 3 ಬಿಟ್ ಎದುರು ನಿಂತ ಮನುಷ್ಯನ ಗುರುತು, ಉಳಿದ 13 ದೂರ. ಹಾಗಾಗಿ ಅಲ್ಲಿ ಮೂರು ಬಿಟ್ ಬಲಕ್ಕೆ ಸರಿಸಬೇಕಿತ್ತು. ಡಿ435ಕ್ಕೆ ಅದೇ ಸಾಲು ಹಾಕಿದರೆ ನಿಮ್ಮ 1100 ಮಿ.ಮೀ. 137 ಆಗಿ ಕೂರುತ್ತದೆ. ನಿಮ್ಮ ಕೋಡಿನಲ್ಲಿ ಆ ಸರಿಸುವ ಸಾಲು ಇದೆಯಾ ನೋಡಿ.

ಎರಡು ಗಡಿ ಹಾಕಿ

ನಿಮ್ಮ ಲೈನಿನಲ್ಲಿ ಕ್ಯಾಮೆರಾ ಅಲುಗಾಡುವುದಿಲ್ಲ, ಬೆಲ್ಟ್ ಅಲುಗಾಡುವುದಿಲ್ಲ. ಇದು ದೊಡ್ಡ ಅನುಕೂಲ. ಹತ್ತಿರದ ಗಡಿ 700, ದೂರದ ಗಡಿ 1100 ಅಂತ ಇಟ್ಟುಬಿಡಿ. 700ಕ್ಕೆ ಬಿಳಿ, 1100ಕ್ಕೆ ಕಪ್ಪು, ನಡುವಿನದಕ್ಕೆಲ್ಲ ಸಮನಾಗಿ ಹಂಚಿ. ದೂರದ ಗಡಿಯಿಂದ ಆ ಮನೆಯ ಅಂಕಿ ಕಳೆದು, 255ರಿಂದ ಗುಣಿಸಿ, ಗಡಿಗಳ ಅಂತರವಾದ 400ರಿಂದ ಭಾಗಿಸಿದರೆ ಬೂದು ಸಿಗುತ್ತದೆ. 900 ಮಿ.ಮೀ. ಇದ್ದರೆ 127, ಸರಿಯಾಗಿ ಮಧ್ಯದ ಬೂದು. ಒಂದು ಬೂದು ಮೆಟ್ಟಿಲಿಗೆ ಸುಮಾರು ಒಂದೂವರೆ ಮಿಲಿಮೀಟರ್. ಒಂದು ಒಣಮೆಣಸಿನಕಾಯಿ ಎದ್ದು ನಿಂತರೂ ಚಿತ್ರದಲ್ಲಿ ಗೊತ್ತಾಗಬಹುದು.

ಗುಣಿಸಿ ಆಮೇಲೆ ಭಾಗಿಸಿ ಅಂದೆ, ಗಮನಿಸಿ. ಸಿ ಶಾರ್ಪ್‌ನಲ್ಲಿ ಇವೆಲ್ಲ ಪೂರ್ಣಾಂಕಗಳು. ಮೊದಲೇ ಭಾಗಿಸಿದರೆ 200 ಭಾಗ 400 ಅಂದರೆ ಸೊನ್ನೆ, ಸೊನ್ನೆಗೆ 255 ಗುಣಿಸಿದರೂ ಸೊನ್ನೆ. ಮತ್ತೆ ಇಡೀ ಚಿತ್ರ ಕಪ್ಪಾಗುತ್ತದೆ, ನೀವು ಮತ್ತೆ ಕ್ಯಾಮೆರಾ ಬೈಯುತ್ತೀರಿ. ಇನ್ನೊಂದು, ಬೈಟ್ ಮಾಡುವ ಮುಂಚೆ ಅಂಕಿಯನ್ನು 0 ಮತ್ತು 255ರ ನಡುವೆ ಹಿಡಿದು ನಿಲ್ಲಿಸಿ. 600 ಮಿ.ಮೀ.ನಲ್ಲಿ ಕೈ ಬಂದರೆ ಲೆಕ್ಕ 318 ಬರುತ್ತದೆ, ಬೈಟ್ ಮಾಡಿದರೆ ಅದು 62 ಆಗಿ ಬಿಳಿ ಇರಬೇಕಾದ ಕೈ ಕಪ್ಪಾಗುತ್ತದೆ.

ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ನೋಡುವವರು ಮಾಡುವುದೂ ಇದನ್ನೇ. ಸ್ಕ್ಯಾನಿನ ಅಂಕಿಗಳ ಹರವು ಸಾವಿರಾರು. ಶ್ವಾಸಕೋಶಕ್ಕೆ ಒಂದು ಗಡಿ, ಮೂಳೆಗೆ ಇನ್ನೊಂದು ಗಡಿ ಹಾಕಿ ನೋಡುತ್ತಾರೆ. ಫೈಲ್ ಒಂದೇ, ಗಡಿ ಬೇರೆ.

ಕಪ್ಪಿನ ತುದಿಯ ಬಗ್ಗೆ ನನ್ನದೊಂದು ಸಲಹೆ. ಗೋದಾಮಿನ ಬಾಗಿಲ ಬೆಳಕಿನಲ್ಲಿ, ಧೂಳು ಕೂತ ಮಾನಿಟರಿನಲ್ಲಿ 10ಕ್ಕೂ 25ಕ್ಕೂ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಆಫೀಸಿನಲ್ಲಿ ಕೂತು ಬರೆದ ಆ್ಯಪ್ ಸ್ಥಳಕ್ಕೆ ಹೋದಾಗ ಮಂಕಾಗುವುದು ಇದಕ್ಕೇ. ಬೂದನ್ನು 40ರಿಂದ ಶುರು ಮಾಡಿ 255ಕ್ಕೆ ಮುಗಿಸಿ. 40ರ ಕೆಳಗಿನದು ಖಾಲಿ ಉಳಿಯಲಿ.

ಸೊನ್ನೆಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಡೆಪ್ತ್ ಫ್ರೇಮಿನಲ್ಲಿ ಸೊನ್ನೆ ಅಂದರೆ ‘ತುಂಬ ಹತ್ತಿರ’ ಅಲ್ಲ, ‘ಅಳೆಯಲು ಆಗಲಿಲ್ಲ’. ಮೇಲಿನ ಲೆಕ್ಕಕ್ಕೆ ಸೊನ್ನೆ ಕೊಟ್ಟರೆ ಅದು ಕ್ಯಾಮೆರಾಗೆ ಅಂಟಿಕೊಂಡ ವಸ್ತುವಾಗಿ ಹೊಳೆಯುತ್ತದೆ. ನಾನು ಸೊನ್ನೆಗೆ ಕಡುನೀಲಿ ಕೊಡುತ್ತೇನೆ. ಬೂದು ಚಿತ್ರದಲ್ಲಿ ನೀಲಿ ಕಂಡರೆ ಅಲ್ಲಿ ಅಳತೆ ಇಲ್ಲ ಅಂತ ನೋಡುವವರಿಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕೆ 8 ಬಿಟ್ ಗ್ರೇ ಬಿಟ್ಟು 32 ಬಿಟ್ ಬಣ್ಣದ ಚಿತ್ರ ಬಳಸಬೇಕಾಗುತ್ತದೆ. ಮೆಮೊರಿ ನಾಲ್ಕು ಪಟ್ಟು ಬೇಕು, ಇವತ್ತಿನ ಪಿಸಿಗೆ ಅದು ಲೆಕ್ಕಕ್ಕಿಲ್ಲ.

180 ಯಾಕೆ 110 ಆಯಿತು

ನಿಮ್ಮ ಅಂಕಿಗಳನ್ನೇ ಹಿಡಿದು ಹಿಂದಕ್ಕೆ ಲೆಕ್ಕ ಹಾಕೋಣ. ಸುಮ್ನೆ ಇದ್ದಾಗ ಫ್ರೇಮಿನಲ್ಲಿ ಎಲ್ಲಕ್ಕಿಂತ ಹತ್ತಿರದ್ದು ಸುರಿಯುವ ಬಾಯಿಯ ಅಂಚು ಇರಬೇಕು, 700 ಅಂದುಕೊಳ್ಳಿ. ಎಲ್ಲಕ್ಕಿಂತ ದೂರದ್ದು ಬೆಲ್ಟ್, 1100. ಈ ಹರವಿನಲ್ಲಿ ಬೂದು 180 ಬರಬೇಕಾದರೆ ರಾಶಿಯ ಮೇಲ್ಮೈ ಕ್ಯಾಮೆರಾದಿಂದ ಸುಮಾರು 818 ಮಿ.ಮೀ. ದೂರದಲ್ಲಿರಬೇಕು. ಈಗ ಸುರಿಯುವವರು ಕೈ ಚಾಚುತ್ತಾರೆ. ಕೈ 450 ಮಿ.ಮೀ.ಗೆ ಬಂತು ಅನ್ನಿ. ನಿಮ್ಮ ಕೋಡು ಕನಿಷ್ಠ ಅಂಕಿ 450 ಅಂತ ಓದುತ್ತದೆ. ಹರವು 400 ಇದ್ದದ್ದು 650 ಆಯಿತು. ಅದೇ 818ಕ್ಕೆ ಈಗ ಬೂದು 110.

ಚೀಲದಿಂದ ಒಂದು ಕಾಯಿಯೂ ಕಡಿಮೆಯಾಗಿಲ್ಲ, ಆ್ಯಪ್ ಮಾತ್ರ ‘ಇನ್ನೂ ತುಂಬಿಲ್ಲ’ ಅನ್ನುತ್ತದೆ. ಬಾಗಿಲು ತೆರೆದು ಹೊರಗಿನ ಗೋಡೆ ಫ್ರೇಮಿಗೆ ಬಿದ್ದರೆ ಗರಿಷ್ಠ ಅಂಕಿ ಏರುತ್ತದೆ, ಬೂದು ಇನ್ನೊಂದು ಕಡೆ ಜಾರುತ್ತದೆ. ನೀವು ಹೇಳಿದ ಮಿನುಗು ಇದೇ. ಒಂದೇ ಒಂದು ದಾರಿತಪ್ಪಿದ ಪಿಕ್ಸೆಲ್ ಸಾಕು, ನಾಲ್ಕು ಲಕ್ಷ ಪಿಕ್ಸೆಲ್‌ಗಳ ಬಣ್ಣ ಬದಲಾಗುತ್ತದೆ. ಸೊನ್ನೆಗಳನ್ನೂ ಸೇರಿಸಿ ಕನಿಷ್ಠ ಹುಡುಕುತ್ತಿದ್ದರೆ ಇನ್ನೂ ಕಷ್ಟ, ಆದರೆ ನಿಮ್ಮ 180 ನೋಡಿದರೆ ಸೊನ್ನೆ ಬಿಟ್ಟಿದ್ದೀರಿ ಅನ್ನಿಸುತ್ತದೆ.

ಗಡಿ ಕಟ್ಟಿಹಾಕಿದರೆ ಮಿನುಗು ನಿಲ್ಲುತ್ತದೆ. ಆದರೂ ಅಳತೆಯನ್ನು ಬೂದಿನ ಮೇಲೆ ನಿಲ್ಲಿಸಬೇಡಿ. ನಾಳೆ ಯಾರೋ ಚಿತ್ರ ಇನ್ನಷ್ಟು ಬೆಳ್ಳಗೆ ಕಾಣಲಿ ಅಂತ ಸ್ಲೈಡರ್ ಎಳೆಯುತ್ತಾರೆ, ಚೀಲದ ಅಳತೆ ಅದರ ಜೊತೆ ಓಡಿಹೋಗುತ್ತದೆ. ಕ್ಯಾಮೆರಾದಿಂದ ಬಂದ 16 ಬಿಟ್ ಕೋಷ್ಟಕದಿಂದ ಎರಡು ದಾರಿ ಒಡೆಯಿರಿ. ಒಂದು ಪರದೆಗೆ, ಅಲ್ಲಿ ಏನು ಬೇಕಾದರೂ ಮಾಡಿ. ಇನ್ನೊಂದು ಅಳತೆಗೆ, ಅಲ್ಲಿ ಮಿಲಿಮೀಟರ್ ಬಿಟ್ಟು ಬೇರೆ ಏನೂ ಇರಬಾರದು.

ಅಳತೆ ಹೀಗೆ ಮಾಡಬಹುದು. ಚೀಲದ ಬಾಯಿಯ ಒಳಗೆ ಒಂದು ಚೌಕ ಗುರುತು ಮಾಡಿ. ಅದರೊಳಗಿನ ಸೊನ್ನೆಗಳನ್ನು ತೆಗೆದು ಉಳಿದವನ್ನು ಸಾಲಾಗಿಟ್ಟು ಮಧ್ಯದ ಅಂಕಿ ತೆಗೆದುಕೊಳ್ಳಿ. ಸರಾಸರಿ ಬೇಡ. ಒಂದು ಕೈ ಅರ್ಧ ಚೌಕಕ್ಕಿಂತ ಕಡಿಮೆ ಮುಚ್ಚಿದರೆ ಮಧ್ಯದ ಅಂಕಿ ಸ್ವಲ್ಪವೇ ಅಲುಗುತ್ತದೆ, ಸರಾಸರಿ ಪೂರ್ತಿ ವಾಲುತ್ತದೆ. ಸುರಿಯುವ ಬಾಯಿಯ ಅಂಚಿಗಿಂತ ಹತ್ತಿರ, ಅಂದರೆ 700ಕ್ಕಿಂತ ಕಡಿಮೆ ಅಂಕಿಗಳು ಆ ಚೌಕದಲ್ಲಿ ಜಾಸ್ತಿ ಕಂಡರೆ ಅಲ್ಲಿ ಕೈ ಇದೆ. ಆ ಫ್ರೇಮ್ ಬಿಟ್ಟುಬಿಡಿ. ಕೆಲವು ಫ್ರೇಮ್ ಸತತವಾಗಿ 820ಕ್ಕಿಂತ ಕಡಿಮೆ ಬಂದ ಮೇಲೆ ‘ತುಂಬಿತು’ ಅನ್ನಿ, ಒಂದೇ ಫ್ರೇಮ್ ನೋಡಿ ಅನ್ನಬೇಡಿ.

ಒಂದು ಮಾತು ವ್ಯಾಪಾರಿಗೂ ಮೊದಲೇ ತಿಳಿಸಿ. ಕ್ಯಾಮೆರಾ ಹೇಳುವುದು ಎತ್ತರ, ತೂಕ ಅಲ್ಲ. ಮೆಣಸಿನಕಾಯಿಯಲ್ಲಿ ಕಡ್ಡಿ ಜಾತಿ ಉದ್ದ, ತೆಳ್ಳಗೆ. ಡಬ್ಬಿ ಜಾತಿ ಗಿಡ್ಡ, ದಪ್ಪ. ಎರಡೂ ಚೀಲದಲ್ಲಿ ಒಂದೇ ಥರ ಕೂರುವುದಿಲ್ಲ. ಒಂದೇ ಎತ್ತರದ ಎರಡು ಚೀಲ ಒಂದೇ ತೂಕ ಬರಬೇಕೆಂದಿಲ್ಲ. ತೂಕಕ್ಕೆ ಕಾಟಾ ಇರಲೇಬೇಕು. ಕ್ಯಾಮೆರಾ ಸುರಿಯುವುದನ್ನು ಯಾವಾಗ ನಿಧಾನ ಮಾಡಬೇಕು ಅಂತ ಹೇಳಿದರೆ ಸಾಕು.

ವ್ಯೂವರ್‌ನಲ್ಲಿ ಯಾಕೆ ಚೆಂದ, ಬಣ್ಣ ಹಾಕಬೇಕಾ

ರಿಯಲ್‌ಸೆನ್ಸ್ ವ್ಯೂವರ್ ಸುಮ್ಮನೆ ತೆರೆದರೆ ಅದು ಹಿಸ್ಟೋಗ್ರಾಮ್ ಸಮ ಮಾಡಿ, ಜೆಟ್ ಅನ್ನುವ ನೀಲಿಯಿಂದ ಕೆಂಪಿನ ಬಣ್ಣದ ಸಾಲು ಹಚ್ಚಿ ತೋರಿಸುತ್ತದೆ. ಅಂದರೆ ಯಾವ ದೂರದಲ್ಲಿ ಪಿಕ್ಸೆಲ್‌ಗಳು ಜಾಸ್ತಿ ಇವೆಯೋ ಆ ದೂರಕ್ಕೆ ಜಾಸ್ತಿ ಬಣ್ಣ ಹಂಚುತ್ತದೆ. ನೋಡಲು ಚೆಂದ. ಆದರೆ ಆ ಬಣ್ಣ ಮತ್ತು ದೂರಕ್ಕೆ ಕಟ್ಟುನಿಟ್ಟಾದ ನಂಟಿಲ್ಲ. ಚೀಲ ಸರಿದರೆ ಬೆಲ್ಟಿನ ಬಣ್ಣವೂ ಬದಲಾಗುತ್ತದೆ. ಕ್ಯಾಮೆರಾ ಬದುಕಿದೆಯಾ ಅಂತ ನೋಡಲು ಅದು ಸರಿ. ನಿಮ್ಮ ಲೈನಿಗೆ ಬೇಡ. ಪರೀಕ್ಷೆ ಮಾಡಬೇಕೆಂದರೆ ವ್ಯೂವರ್‌ನಲ್ಲೇ ಹಿಸ್ಟೋಗ್ರಾಮ್ ಆಯ್ಕೆ ತೆಗೆದು, ಬಿಳಿ ಕಪ್ಪು ಬಣ್ಣದ ಸಾಲು ಆರಿಸಿ, ಗಡಿಗಳನ್ನು 0.7 ಮತ್ತು 1.1 ಮೀಟರ್ ಮಾಡಿ. ನಿಮ್ಮ ಆ್ಯಪ್‌ನಲ್ಲಿ ಬರಬೇಕಾದ ಚಿತ್ರ ಅದೇ.

ಎಲ್ಲೋ ಒಂದು ಕಡೆ ಗಡಿ ತಾನಾಗಿಯೇ ಹೊಂದಿಕೊಳ್ಳಬೇಕಾದ ಸಂದರ್ಭವೂ ಬರುತ್ತದೆ, ಕೈಯಲ್ಲಿ ಹಿಡಿದು ತಿರುಗುವ ಕ್ಯಾಮೆರಾ ಇದ್ದರೆ. ಆಗ ಕನಿಷ್ಠ ಗರಿಷ್ಠ ಬಿಟ್ಟು, ಎರಡೂ ತುದಿಯ ನೂರಕ್ಕೆ ಎರಡರಷ್ಟು ಪಿಕ್ಸೆಲ್ ಕತ್ತರಿಸಿ ಗಡಿ ಹುಡುಕಿ, ಆ ಗಡಿಯನ್ನೂ ನಿಧಾನವಾಗಿ ಸರಿಸಿ. ನಿಮಗೆ ಇದು ಬೇಕಿಲ್ಲ.

ಗೆಳೆಯರ ಬಣ್ಣದ ಸಲಹೆ ತಪ್ಪಲ್ಲ. ಕಣ್ಣು ಬೂದಿಗಿಂತ ಬಣ್ಣದಲ್ಲಿ ಜಾಸ್ತಿ ವ್ಯತ್ಯಾಸ ಗುರುತಿಸುತ್ತದೆ. ಆದರೆ ಜೆಟ್‌ನಲ್ಲಿ ಹಳದಿ ಬರುವ ಜಾಗದಲ್ಲಿ ಇಲ್ಲದ ಅಂಚು ಇದ್ದಂತೆ ಕಾಣುತ್ತದೆ, ಇಳಿಜಾರು ಮೆಟ್ಟಿಲಿನಂತೆ ತೋರುತ್ತದೆ. ಕೆಂಪು ಹಸಿರು ಸರಿಯಾಗಿ ಬೇರೆ ಮಾಡಲಾಗದವರು ಲೈನ್ ಮೇಲೆ ಇರಬಹುದು. ಬಣ್ಣ ಬೇಕೇ ಬೇಕು ಅಂದರೆ ಗೂಗಲ್‌ನವರು 2019ರಲ್ಲಿ ಕೊಟ್ಟ ಟರ್ಬೊ ಅನ್ನುವ ಬಣ್ಣದ ಸಾಲು ಜೆಟ್‌ಗಿಂತ ನಯವಾಗಿದೆ. ನನ್ನ ಕೈಗೆ ಬಿಟ್ಟರೆ ಬೂದೇ ಇಡುತ್ತೇನೆ. ರಾಶಿಯ ಆಕಾರ ಬೂದಿನಲ್ಲಿ ಸಹಜವಾಗಿ ಕಾಣುತ್ತದೆ. ಚೀಲ ತುಂಬಿದ ಕೂಡಲೇ ಚೌಕದ ಗೆರೆ ಬಣ್ಣ ಬದಲಿಸಲಿ, ಪಕ್ಕದಲ್ಲಿ ಮಿಲಿಮೀಟರ್ ಅಂಕಿ ದೊಡ್ಡದಾಗಿ ಬರಲಿ. ಸುರಿಯುವವರು ಚಿತ್ರಕ್ಕಿಂತ ಆ ಅಂಕಿಯನ್ನೇ ನೋಡುತ್ತಾರೆ.

ತೂತುಗಳು

ನಿಮ್ಮ ತೂತುಗಳಲ್ಲಿ ಮೂರು ಜಾತಿ ಇರಬಹುದು.

ಚೀಲದ ಎಡಬದಿಗೆ ಅಂಟಿಕೊಂಡ ಕಪ್ಪು ಪಟ್ಟೆ, ಮತ್ತು ಚಿತ್ರದ ಎಡ ಅಂಚಿನ ಪಟ್ಟೆ, ಇವು ಸಹಜ. ಡಿ435ರಲ್ಲಿ ಎರಡು ಇನ್ಫ್ರಾರೆಡ್ ಕಣ್ಣುಗಳು 50 ಮಿ.ಮೀ. ಅಂತರದಲ್ಲಿವೆ. ಎರಡೂ ಕಂಡ ಜಾಗಕ್ಕೆ ಮಾತ್ರ ದೂರ ಸಿಗುತ್ತದೆ. ಎಡಗಣ್ಣಿಗೆ ಕಂಡು ಬಲಗಣ್ಣಿಗೆ ಚೀಲ ಅಡ್ಡ ಬಂದ ಜಾಗ ಸೊನ್ನೆ. ಎಷ್ಟು ದುಬಾರಿ ಕ್ಯಾಮೆರಾ ತಂದರೂ ಎರಡು ಕಣ್ಣಿನದಾದರೆ ಇದು ಇರುತ್ತದೆ.

ಬೆಲ್ಟಿನ ಮೇಲಿನ ತೂತು ಎರಡನೆಯದು. ನಯವಾದ ಕಪ್ಪು ರಬ್ಬರ್ ಇನ್ಫ್ರಾರೆಡ್ ಬೆಳಕನ್ನು ನುಂಗುತ್ತದೆ, ಮೇಲೆ ಗುರುತು ಹಿಡಿಯಲು ಏನೂ ಇಲ್ಲ. ಮೆಣಸಿನಕಾಯಿ ರಾಶಿ ಹಾಗಲ್ಲ. ಸುಕ್ಕು, ತೊಟ್ಟು, ನೆರಳು ಎಲ್ಲ ಇರುವುದರಿಂದ ಈ ಜಾತಿಯ ಕ್ಯಾಮೆರಾಗೆ ಅದು ಹಬ್ಬ. ಬೆಲ್ಟಿನ ತೂತಿಗೆ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ಚೌಕ ಅಲ್ಲಿಲ್ಲ.

ಮೂರನೆಯದು ಬಿಸಿಲು. ‘ಡೆಪ್ತ್ ಕ್ಯಾಮೆರಾ ಬಿಸಿಲಲ್ಲಿ ನಡೆಯಲ್ಲ’ ಅನ್ನುವ ಮಾತು ಅರ್ಧ ನಿಜ. ಮೊದಲ ಕಿನೆಕ್ಟ್ ತಾನು ಚೆಲ್ಲಿದ ಚುಕ್ಕೆಗಳನ್ನೇ ಓದಬೇಕಿತ್ತು, ಬಿಸಿಲು ಅದನ್ನು ಅಳಿಸಿಹಾಕುತ್ತಿತ್ತು. ಡಿ435 ಚುಕ್ಕೆ ಅಳಿಸಿದರೂ ವಸ್ತುವಿನ ಮೇಲಿನ ಗುರುತುಗಳಿಂದಲೇ ಕೆಲಸ ಮಾಡಬಲ್ಲದು. ತೊಂದರೆ ಬರುವುದು ಬಿಸಿಲಿನ ಒಂದು ಪಟ್ಟೆ ಚೀಲದ ಅರ್ಧಕ್ಕೆ ಮಾತ್ರ ಬಿದ್ದಾಗ. ಕ್ಯಾಮೆರಾ ಒಳಗೆ ಬಿಡುವ ಬೆಳಕು, ಅಂದರೆ ಎಕ್ಸ್‌ಪೋಷರ್, ನೆರಳಿಗೆ ಹೊಂದಿದರೆ ಬಿಸಿಲ ಭಾಗ ಪೂರ್ತಿ ಬಿಳಿಯಾಗಿ ಗುರುತು ಕಾಣದಂತಾಗುತ್ತದೆ. ಶೆಡ್ಡಿನ ಮೇಲೆ ಒಂದು ತಗಡಿನ ತುಂಡು, ಇಲ್ಲ ಬಾಗಿಲಿಗೆ ಒಂದು ತಾಡಪತ್ರಿ, ಇದಕ್ಕಿಂತ ಒಳ್ಳೆ ಪರಿಹಾರ ಸಾಫ್ಟ್‌ವೇರಿನಲ್ಲಿ ಇಲ್ಲ. ಜೊತೆಗೆ ಗಾಜಿನ ಮೇಲೆ ಕೂರುವ ಖಾರದ ಧೂಳು ದಿನಾ ಒರೆಸುವ ಕೆಲಸ ಯಾರದ್ದು ಅಂತ ಮೊದಲೇ ಗೊತ್ತು ಮಾಡಿ.

ತೂತು ತುಂಬುವ ಫಿಲ್ಟರ್ ಲೈಬ್ರರಿಯಲ್ಲೇ ಇದೆ. ಪರದೆಯ ದಾರಿಯಲ್ಲಿ ಬೇಕಾದರೆ ಹಾಕಿ. ಅಳತೆಯ ದಾರಿಯಲ್ಲಿ ಬೇಡ. ಅದು ಪಕ್ಕದ ಅಂಕಿ ತಂದು ತೂತಿನಲ್ಲಿ ಇಡುತ್ತದೆ, ಅಳೆಯದ ಜಾಗಕ್ಕೆ ಅಳತೆ ಹುಟ್ಟುತ್ತದೆ. ಚಿತ್ರವನ್ನು ದೊಡ್ಡದು ಚಿಕ್ಕದು ಮಾಡುವಾಗಲೂ ಎಚ್ಚರ. 0 ಮತ್ತು 1000ದ ನಡುವೆ ನಯ ಮಾಡಿದರೆ 500 ಬರುತ್ತದೆ, ಗಾಳಿಯಲ್ಲಿ ತೇಲುವ ಅಂಚು ಕಾಣುತ್ತದೆ. 16 ಬಿಟ್ ಅಂಕಿಗೆ ಪಕ್ಕದ ಅಂಕಿಯನ್ನೇ ಹಾಗೇ ತೆಗೆದುಕೊಳ್ಳುವ ನಿಯರೆಸ್ಟ್ ನೇಬರ್ ವಿಧಾನ ಬಿಟ್ಟು ಬೇರೆ ಬಳಸಬೇಡಿ.

ಇನ್ನೊಂದು ಕ್ಯಾಮೆರಾ ತಂದರೆ ಏನಾಗಬಹುದು ಅಂತಲೂ ಹೇಳಿಬಿಡುತ್ತೇನೆ. ಬೆಳಕು ಹೋಗಿ ಬರುವ ಸಮಯ ಅಳೆಯುವ ಟೈಮ್ ಆಫ್ ಫ್ಲೈಟ್ ಕ್ಯಾಮೆರಾಗಳು ಗುರುತಿಲ್ಲದ ಬೆಲ್ಟನ್ನೂ ಅಳೆಯಬಲ್ಲವು. ಆದರೆ ಚೀಲದ ಅಂಚಿನಲ್ಲಿ ಚೀಲವೂ ಅಲ್ಲದ, ಬೆಲ್ಟೂ ಅಲ್ಲದ ನಡುವಿನ ಅಂಕಿಗಳನ್ನು ಚೆಲ್ಲುತ್ತವೆ. ಅರ್ಧ ತುಂಬಿದ ಚೀಲದ ಒಳಗೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಬರುವುದರಿಂದ ತಳ ಇದ್ದದ್ದಕ್ಕಿಂತ ಆಳ ಕಾಣಬಹುದು. ಆ ಜಾತಿಯ ಹೆಸರಾದ ಅಜೂರ್ ಕಿನೆಕ್ಟ್ ತಯಾರಿಕೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ನಿಲ್ಲಿಸಿತು. ಬೇರೆ ಏನು ತಂದರೂ ಹೆಚ್ಚಿನವು ಕೊಡುವುದು ಇಂಥದೇ 16 ಬಿಟ್ ಕೋಷ್ಟಕ. ನಿಮ್ಮ ಈಗಿನ ಕೋಡಿಗೆ ಅದನ್ನು ಕೊಟ್ಟರೆ ಮತ್ತೆ ಕಪ್ಪು, ಮತ್ತೆ ಉಂಗುರ.

ಈಗಿನ ಕ್ಯಾಮೆರಾದಿಂದಲೇ ಜಾಸ್ತಿ ಪಡೆಯಬೇಕಾದರೆ ಅದನ್ನು ಕೆಳಗಿಳಿಸಿ. ಎರಡು ಕಣ್ಣಿನ ಕ್ಯಾಮೆರಾದಲ್ಲಿ ದೂರ ಎರಡು ಪಟ್ಟಾದರೆ ಗದ್ದಲ ನಾಲ್ಕು ಪಟ್ಟಾಗುತ್ತದೆ. 1.1 ಮೀಟರಿನಲ್ಲಿ ಕೆಲವು ಮಿಲಿಮೀಟರ್ ಅಲುಗಾಟ ಸಹಜ. ಚೀಲ ಪೂರ್ತಿ ಕಾಣುವಷ್ಟು ಹತ್ತಿರ ಇದ್ದರೆ ಸಾಕು, ಅದಕ್ಕಿಂತ ಮೇಲೆ ಕಟ್ಟಿ ಪ್ರಯೋಜನವಿಲ್ಲ. ಕಟ್ಟಿದ ಮೇಲೆ ಖಾಲಿ ಬೆಲ್ಟಿನ ಚಿತ್ರ ನೋಡಿ, ದೂರದ ಗಡಿಯನ್ನು ಸ್ವಲ್ಪ ಹೊತ್ತು ಬೆಲ್ಟಿಗಿಂತ 50 ಮಿ.ಮೀ. ಆಚೆ ಇಟ್ಟುಕೊಳ್ಳಿ. ಈ ಅಂಕಿ ಲೆನ್ಸಿನಿಂದ ಓರೆಯಾಗಿ ಅಳೆದದ್ದಲ್ಲ, ಕ್ಯಾಮೆರಾದ ಮುಖಕ್ಕೆ ನೇರವಾಗಿ ಅಳೆದದ್ದು. ಹಾಗಾಗಿ ಸಮತಟ್ಟಾದ ಬೆಲ್ಟ್ ಮೂಲೆಯಿಂದ ಮೂಲೆಗೆ ಒಂದೇ ಬೂದು ಇರಬೇಕು. ಒಂದು ಕಡೆ ಬೆಳ್ಳಗಾಗುತ್ತಾ ಹೋದರೆ ಕ್ಯಾಮೆರಾ ವಾಲಿದೆ, ಸ್ಕ್ರೂ ಬಿಗಿ ಮಾಡಿ.

ಆ್ಯಪ್ ನಿಲ್ಲುವುದು

ರಿಯಲ್‌ಸೆನ್ಸ್‌ನ ಸಿ ಶಾರ್ಪ್ ಲೈಬ್ರರಿಯಲ್ಲಿ ಪ್ರತಿ ಫ್ರೇಮ್ ಬಳಸಿದ ಮೇಲೆ ಡಿಸ್ಪೋಸ್ ಮಾಡಲೇಬೇಕು, ಅಂದರೆ ಅದರ ಜಾಗ ಬಿಟ್ಟುಕೊಡಬೇಕು. ಲೈಬ್ರರಿ ಒಳಗೆ ಫ್ರೇಮ್‌ಗಳಿಗೆ ಇಷ್ಟೇ ಅಂತ ಜಾಗ ಇರುತ್ತದೆ. ನೀವು ಹಿಡಿದಿಟ್ಟುಕೊಂಡರೆ ಹೊಸ ಫ್ರೇಮಿಗೆ ಜಾಗವಿಲ್ಲದೆ ಕ್ಯಾಮೆರಾ ಸುಮ್ಮನಾಗುತ್ತದೆ. ‘ಸ್ವಲ್ಪ ಹೊತ್ತಾದ ಮೇಲೆ’ ಅಂದಿರಲ್ಲ, ನನ್ನ ಮೊದಲ ಅನುಮಾನ ಇದರ ಮೇಲೇ. ಸಿ ಶಾರ್ಪ್‌ನಲ್ಲಿ ಬಳಸದ ಮೆಮೊರಿ ತಾನೇ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತದೆ ಅಂತ ಕಾಯಬೇಡಿ, ಅದಕ್ಕೆ ಆ ಅವಸರ ಗೊತ್ತಾಗುವುದಿಲ್ಲ.

ಎರಡನೆಯ ಅನುಮಾನ ಯುಐ ಥ್ರೆಡ್, ಅಂದರೆ ಪರದೆಯನ್ನು ನೋಡಿಕೊಳ್ಳುವ ಕೆಲಸದ ಎಳೆ. ಫ್ರೇಮ್ ಕಾಯುವುದು, ಬೂದು ಮಾಡುವುದು ಎಲ್ಲ ಬೇರೆ ಥ್ರೆಡ್‌ನಲ್ಲಿ ಇರಲಿ. ಪರದೆಯ ಚಿತ್ರವಾದ ರೈಟಬಲ್ ಬಿಟ್‌ಮ್ಯಾಪ್‌ಗೆ ಬರೆಯುವುದು ಮಾತ್ರ ಯುಐ ಥ್ರೆಡ್‌ನಲ್ಲಿ. ಬಿಟ್‌ಮ್ಯಾಪನ್ನೂ ಬೈಟ್ ಅರೇಯನ್ನೂ ಒಂದೇ ಸಲ ಮಾಡಿಟ್ಟುಕೊಂಡು ಮರುಬಳಸಿ. ಪರದೆ ಹಿಂದೆ ಬಿದ್ದರೆ ಹಳೆಯ ಫ್ರೇಮ್ ಬಿಸಾಡಿ ಹೊಸದನ್ನು ತೋರಿಸಿ, ಸಾಲು ಬೆಳೆಸಬೇಡಿ. 30 ಫ್ರೇಮಿಗೆ ಸೆಕೆಂಡಿಗೆ 1.2 ಕೋಟಿ ಪಿಕ್ಸೆಲ್ ಆಗುತ್ತದೆ. ಪ್ರತಿ ಪಿಕ್ಸೆಲಿಗೂ ಗುಣಾಕಾರ ಭಾಗಾಕಾರ ಬೇಡ. 65536 ಮನೆಗಳ ಒಂದು ಲುಕಪ್ ಟೇಬಲ್ ಮಾಡಿ, 0ರಿಂದ 65535ರವರೆಗಿನ ಪ್ರತಿ ದೂರಕ್ಕೂ ಬೂದು ಮೊದಲೇ ಬರೆದಿಡಿ. ಗಡಿ ಬದಲಾದಾಗ ಮಾತ್ರ ಟೇಬಲ್ ಮತ್ತೆ ತುಂಬಿ. ಸೊನ್ನೆಯ ನೀಲಿ, ಗಡಿಯಾಚೆಯ ಹಿಡಿತ, 40ರ ಶುರು, ಎಲ್ಲವೂ ಆ ಟೇಬಲ್ಲಿನಲ್ಲೇ ಸೇರಿಹೋಗುತ್ತದೆ, ಫ್ರೇಮ್ ಓಡಿಸುವ ಲೂಪ್ ಒಂದೇ ಸಾಲಿನದಾಗುತ್ತದೆ.

ಮುಂದೆ ಡಬ್ಲ್ಯುಪಿಎಫ್ ಬಿಟ್ಟು ವಿನ್‌ಫಾರ್ಮ್ಸ್‌ಗೆ ಹೋಗುವ ಯೋಚನೆ ಇದ್ದರೆ ಅಲ್ಲಿನ 16 ಬಿಟ್ ಗ್ರೇ ಫಾರ್ಮ್ಯಾಟ್ ಪಟ್ಟಿಯಲ್ಲಿ ಹೆಸರಿದ್ದರೂ ಪರದೆಗೆ ಬರುವುದಿಲ್ಲ, 8 ಬಿಟ್‌ಗೆ ಬೂದಿನ ಪ್ಯಾಲೆಟ್ (ಬಣ್ಣದ ಪಟ್ಟಿ) ನೀವೇ ಹಾಕಬೇಕು. ಅಲ್ಲಿಯೂ, ಪರದೆ ಕಟ್ಟುವ ಇನ್ನೊಂದು ಲೈಬ್ರರಿಯಾದ ಕ್ಯೂಟಿಯಲ್ಲಿಯೂ ಚಿತ್ರದ ಪ್ರತಿ ಸಾಲು 4 ಬೈಟಿನ ಗುಣಕದಲ್ಲಿ ಮುಗಿಯುತ್ತದೆ. 848 ಅಗಲಕ್ಕೆ ತೊಂದರೆಯಿಲ್ಲ. ಚೌಕ ಕತ್ತರಿಸಿ 333 ಅಗಲ ಮಾಡಿದರೆ ಸಾಲು 336 ಆಗುತ್ತದೆ. ಇದನ್ನು ಮರೆತರೆ ಚಿತ್ರ ಓರೆಯಾಗಿ ಜಾರುತ್ತದೆ.

ಕೊನೆಗೆ ಚಿತ್ರ ಉಳಿಸುವುದು. ತಕರಾರು ಬಂದರೆ ತೋರಿಸಲು ಪ್ರತಿ ಚೀಲದ ಚಿತ್ರ ಬೇಕು ಅಂತ ವ್ಯಾಪಾರಿ ಇವತ್ತಲ್ಲ ನಾಳೆ ಕೇಳುತ್ತಾರೆ. ಜೆಪೆಗ್ ಮಾಡಿದರೆ 8 ಬಿಟ್ ಮಾತ್ರ ಉಳಿಯುತ್ತದೆ, ಅದೂ ಕಲಸಿ. ಅದರಿಂದ ಮತ್ತೆ ಮಿಲಿಮೀಟರ್ ತೆಗೆಯಲು ಆಗುವುದಿಲ್ಲ. 16 ಬಿಟ್ ಪಿಎನ್‌ಜಿ ಮಾಡಿ, ಏನೂ ಕಳೆದುಹೋಗದೆ ಉಳಿಯುತ್ತದೆ. ಕುಗ್ಗಿಸದೆ ಹಾಗೇ ಬಿಟ್ಟರೆ ಒಂದು ಫ್ರೇಮ್ ಸುಮಾರು 0.8 ಎಂಬಿ. ಎಲ್ಲ ಫ್ರೇಮ್ ಉಳಿಸಲು ಹೋದರೆ ಸೆಕೆಂಡಿಗೆ 24 ಎಂಬಿ, ಡಿಸ್ಕ್ ಬೇಗ ತುಂಬುತ್ತದೆ. ಚೀಲಕ್ಕೊಂದು ಸಾಕು, ‘ತುಂಬಿತು’ ಅಂದ ಆ ಒಂದು ಫ್ರೇಮ್. ಅದನ್ನು ಫೋಟೋ ನೋಡುವ ಪ್ರೋಗ್ರಾಮಿನಲ್ಲಿ ತೆರೆದರೆ ಮತ್ತೆ ಕಪ್ಪಾಗಿಯೇ ಕಾಣುತ್ತದೆ, ಗಾಬರಿಯಾಗಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಚೀಲದ ಬಾಯಿಯೊಳಗೆ ನೀಲಿ ಉಳಿದರೆ ನನಗೆ ಮತ್ತೆ ಬರೆಯಿರಿ. ಖಾಲಿ ಬೆಲ್ಟಿನದೊಂದು, ತುಂಬಿದ ಚೀಲದ್ದೊಂದು ಪಿಎನ್‌ಜಿ ಕಳಿಸಿ. ಮೊಬೈಲಿನಲ್ಲಿ ಹೊಡೆದ ಮಾನಿಟರಿನ ಫೋಟೋ ಬೇಡ, ಅದರಲ್ಲಿ ಮಿಲಿಮೀಟರ್ ಇರುವುದಿಲ್ಲ.